ವಿಂಡೋಸ್ 10 ನಿಂತಿತೆಂದು ಲ್ಯಾಪ್‌ಟಾಪ್ ಬಿಸಾಡಬೇಡಿ: ಮನೆಯಲ್ಲೇ ಅದನ್ನು ಕನ್ನಡದ ಕಂಪ್ಯೂಟರ್ ಮಾಡಿಕೊಳ್ಳುವ ಬಗೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಅಪ್‌ಡೇಟ್ ನಿಲ್ಲಿಸಿತು. ಅಲ್ಲಿಂದೀಚೆಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು: ‘ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಆದ್ರೆ ವಿಂಡೋಸ್ 11 ಹಾಕಕ್ಕಾಗಲ್ಲ ಅಂತಿದೆ. ಹೊಸದೇ ತಗೊಳ್ಬೇಕಾ?’

ಬೇಡ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್. 2015, 2016ರಲ್ಲಿ ಕೊಂಡ ಐ3, ಐ5 ಯಂತ್ರಗಳೆಲ್ಲ ಈ ಒಂದು ಪಟ್ಟಿಯಿಂದ ಹೊರಗುಳಿದವು. ಅವುಗಳ ಪರದೆ ಕೆಟ್ಟಿಲ್ಲ, ಕೀಲಿ ಸವೆದಿಲ್ಲ, ಲೆಕ್ಕ ಮಾಡುವ ಶಕ್ತಿ ಕುಂದಿಲ್ಲ. ಮಕ್ಕಳ ಓದಿಗೆ, ಅಪ್ಪನ ಪತ್ರ ವ್ಯವಹಾರಕ್ಕೆ, ಸೇವಾ ಸಿಂಧು ಅರ್ಜಿಗೆ, ಕಾವೇರಿ 2.0ಗೆ, ಡಿಜಿಲಾಕರ್‌ಗೆ ಈ ಯಂತ್ರ ಇನ್ನೂ ಹಲವು ವರ್ಷ ಧಾರಾಳವಾಗಿ ಸಾಕು. ಒಂದು ಕಂಪನಿಯ ಕ್ಯಾಲೆಂಡರ್ ಮುಗಿದ ಮಾತ್ರಕ್ಕೆ ನಮ್ಮ ಮನೆಯ ವಸ್ತುವಿನ ಆಯುಸ್ಸು ಮುಗಿಯಬಾರದು. ಇನ್ನೊಂದು ಮಾತೂ ಇದೆ: ಬಿಡಿಸಿ ಮತ್ತೆ ಜೋಡಿಸುವಾಗ ಅದನ್ನು ಪೂರ್ತಿ ಕನ್ನಡದಲ್ಲಿ ಬರೆಯಬಲ್ಲ, ಓದಬಲ್ಲ ಯಂತ್ರವನ್ನಾಗಿ ಮಾಡಿಕೊಳ್ಳುವ ಅವಕಾಶ ಸಿಗುತ್ತದೆ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ.

ವಿಂಡೋಸ್ ಜಾಗದಲ್ಲಿ ಹಾಕಲಿರುವುದು ಲಿನಕ್ಸ್ ಬಗೆಯ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟ್. ಹಣ ಕೊಡಬೇಕಿಲ್ಲ, ಲೈಸೆನ್ಸ್ ಕೀ ಇಲ್ಲ, ವಿಂಡೋಸ್ ಬಳಸಿದ ಕೈಗೆ ತೀರಾ ಹೊಸದೂ ಅನ್ನಿಸುವುದಿಲ್ಲ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ.

ಯಾರಿಗೆ ಇದು ಆಗಿಬರುವುದಿಲ್ಲ

ಟ್ಯಾಲಿ ಮೇಲೆ ಅಂಗಡಿಯ ಲೆಕ್ಕ ನಡೆಸುವವರು, ಫೋಟೋಶಾಪ್ ಅಥವಾ ಆಟೋಕ್ಯಾಡ್‌ನಲ್ಲಿ ದಿನವಿಡೀ ಕೆಲಸ ಮಾಡುವವರು ವಿಂಡೋಸ್‌ನಲ್ಲೇ ಇರಲಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವ ಆಡಿಟರ್‌ಗಳು, ಗುತ್ತಿಗೆದಾರರು ಮೊದಲು ತಮ್ಮ ಟೋಕನ್‌ಗೆ ಲಿನಕ್ಸ್ ಡ್ರೈವರ್ (ಆ ಸಾಧನವನ್ನು ಯಂತ್ರಕ್ಕೆ ಗುರುತಿಸಿಕೊಡುವ ತಂತ್ರಾಂಶ) ಇದೆಯೇ ಎಂದು ಕೇಳಿಕೊಳ್ಳಬೇಕು. ಪ್ರಿಂಟರ್ ಬಗ್ಗೆಯೂ ಒಂದು ಮಾತು: ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ತಂತಿ ಚುಚ್ಚಿದ ಕೂಡಲೇ ಓಡುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತದೆ. ಅದನ್ನೇ ನೆಚ್ಚಿಕೊಂಡಿದ್ದರೆ ಎರಡು ಸಲ ಯೋಚಿಸಿ.

ಇಂಥವರು ಸ್ವಲ್ಪ ಸಮಯ ಕೊಳ್ಳಬಹುದು. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಸೇರಿಕೊಳ್ಳುವ ಕೊಂಡಿ ಕಾಣಿಸುತ್ತದೆ.

ಇನ್ನು ಕೆಲವು ಅಂಗಡಿಯವರು ‘ಕೊಡಿ ಸಾರ್, ಇದಕ್ಕೇ 11 ಹಾಕ್ಕೊಡ್ತೀವಿ’ ಅನ್ನುತ್ತಾರೆ. ಚಿಪ್ಪಿನ ತಪಾಸಣೆಯನ್ನು ದಾಟಿಸಿ ಹಾಕುವುದು ಸಾಧ್ಯ, ನಿಜ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅದರ ಜೊತೆಗೆ ಕದ್ದ ಕೀ, ಆಕ್ಟಿವೇಟರ್ ತಂತ್ರಾಂಶ ಸೇರಿಕೊಂಡರೆ ಬ್ಯಾಂಕ್ ಖಾತೆ ತೆರೆಯುವ ಯಂತ್ರದೊಳಗೆ ಅಪರಿಚಿತರನ್ನು ಕೂರಿಸಿಕೊಂಡಂತೆ. ಈ ದಾರಿ ಬೇಡವೇ ಬೇಡ.

ಯಂತ್ರದ ನಾಡಿ ನೋಡಿ

ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಎರಡು ಸಂಗತಿ ಬರೆದುಕೊಳ್ಳಿ. ಮೆಮೊರಿ (ಕೆಲಸ ನಡೆಯುವಾಗ ಯಂತ್ರ ಬಳಸುವ ನೆನಪು, ಅದೇ ರ್‍ಯಾಮ್) ಒತ್ತಿದರೆ ಎಷ್ಟು ಜಿಬಿ ರ್‍ಯಾಮ್ ಇದೆ, ಎರಡು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂದು ಕಾಣುತ್ತದೆ. ಡಿಸ್ಕ್ ಒತ್ತಿದರೆ ಅದು ತಿರುಗುವ ಹಾರ್ಡ್‌ಡಿಸ್ಕೋ, ತಿರುಗುವ ಭಾಗವಿಲ್ಲದ ಹೆಚ್ಚು ವೇಗದ ಎಸ್‌ಎಸ್‌ಡಿಯೋ ಎಂದು ಗೊತ್ತಾಗುತ್ತದೆ.

4 ಜಿಬಿ ರ್‍ಯಾಮ್, ಹಾರ್ಡ್‌ಡಿಸ್ಕ್ ಎಂದಿದ್ದರೆ ನಿಮ್ಮ ಲ್ಯಾಪ್‌ಟಾಪ್ ‘ಸ್ಲೋ’ ಆಗಲು ಕಾರಣ ಅಲ್ಲೇ ಸಿಕ್ಕಿತು. ಇವೆರಡರಲ್ಲಿ ಒಂದನ್ನೇ ಬದಲಿಸಲು ದುಡ್ಡಿದ್ದರೆ ಕಣ್ಣುಮುಚ್ಚಿ ಎಸ್‌ಎಸ್‌ಡಿ ಹಾಕಿಸಿ. ರ್‍ಯಾಮ್ ಆಮೇಲೆ ನೋಡಿಕೊಂಡರಾಯಿತು. ಮಿಂಟ್‌ಗೆ ಕನಿಷ್ಠ 2 ಜಿಬಿ ಸಾಕೆಂದು ತಯಾರಕರು ಹೇಳುತ್ತಾರೆ, ಹಾಯಾಗಿ ಓಡಲು 4 ಜಿಬಿ ಎನ್ನುತ್ತಾರೆ. ಬ್ರೌಸರ್‌ನಲ್ಲಿ ಹತ್ತಾರು ಪುಟ ತೆರೆದಿಡುವ ನಮ್ಮ ಅಭ್ಯಾಸಕ್ಕೆ 8 ಇದ್ದರೆ ನೆಮ್ಮದಿ.

ಮುಚ್ಚಿದ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಅಡಿಭಾಗ ಉಬ್ಬಿ ಅಲ್ಲಾಡುತ್ತಿದ್ದರೆ, ಅಥವಾ ಟಚ್‌ಪ್ಯಾಡ್ ಮೇಲಕ್ಕೆದ್ದು ಕ್ಲಿಕ್ ಆಗದಿದ್ದರೆ ಒಳಗಿನ ಬ್ಯಾಟರಿ ಊದಿದೆ ಎಂದರ್ಥ. ಅಂಥದನ್ನು ಚಾರ್ಜ್‌ಗೆ ಹಾಕಬೇಡಿ. ಮೊದಲು ಬ್ಯಾಟರಿ ತೆಗೆಸಿ, ಉಳಿದ ಕೆಲಸ ಆಮೇಲೆ.

ಎಸ್.ಪಿ. ರಸ್ತೆಗೆ ಹೋಗುವಾಗ

ಬಿಡಿಭಾಗಕ್ಕೆ ಬೆಂಗಳೂರಿಗರು ಇಂದಿಗೂ ಹೋಗುವುದು ಸದರ್ ಪಾತ್ರಪ್ಪ ರಸ್ತೆಗೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು, ಗಾಡಿ ನಿಲ್ಲಿಸುವ ಗೋಳಿಲ್ಲ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನವೇ ಹೋಗಿ. ಆನ್‌ಲೈನ್‌ನಲ್ಲಿ ಅದೇ ಎಸ್‌ಎಸ್‌ಡಿ ಎಷ್ಟಕ್ಕಿದೆ ಎಂದು ಅಂದೇ ಬೆಳಗ್ಗೆ ನೋಡಿಕೊಂಡು ಹೋಗಿ, ರ್‍ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಏರಿಳಿಯುತ್ತಲೇ ಇರುತ್ತದೆ.

ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಜೊತೆಗೆ ಒಯ್ಯಿರಿ. ಇಲ್ಲದಿದ್ದರೆ ಅಡಿಯಲ್ಲಿ ಅಂಟಿಸಿರುವ ಮಾಡೆಲ್ ನಂಬರಿನ ಚಿತ್ರವಾದರೂ ಇರಲಿ. ಕೌಂಟರ್‌ನಲ್ಲಿ ಮಾತು ಹೀಗೆ ನಡೆಯುತ್ತದೆ:

‘ಅಣ್ಣ, ಇದಕ್ಕೆ 8 ಜಿಬಿ ರ್‍ಯಾಮ್ ಬೇಕಿತ್ತು.’

‘ಡಿಡಿಆರ್ 3ಎಲ್ ಆ, 4 ಆ? ಮಾಡೆಲ್ ತೋರ್ಸಿ ಸಾರ್.’

ಈ ಪ್ರಶ್ನೆ ಮುಖ್ಯ. ಡಿಡಿಆರ್ 3ಎಲ್, ಡಿಡಿಆರ್ 4 ಎನ್ನುವುದು ರ್‍ಯಾಮಿನ ಬಗೆಗಳು. ಇಂಟೆಲ್‌ನ 4 ಮತ್ತು 5ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 1.35 ವೋಲ್ಟಿನ ಡಿಡಿಆರ್ 3ಎಲ್ ಇರುತ್ತದೆ. 6ನೇ ತಲೆಮಾರಿನಲ್ಲಿ ಎರಡೂ ಬಗೆ ಇವೆ, ಆಮೇಲಿನದ್ದು ಬಹುಪಾಲು ಡಿಡಿಆರ್ 4. ಒಂದಕ್ಕೆ ಕೊಂಡದ್ದು ಇನ್ನೊಂದರ ಸ್ಲಾಟಿಗೆ ಕೂರುವುದೇ ಇಲ್ಲ. ಎಸ್‌ಎಸ್‌ಡಿಯಲ್ಲಿ ಹಳೆಯ ಯಂತ್ರಕ್ಕೆ ಬೇಕಾದ್ದು ‘ಎರಡೂವರೆ ಇಂಚಿನ ಸಾಟಾ’. 256 ಅಥವಾ 512 ಜಿಬಿ ಸಾಕು.

ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ವಾರಂಟಿ ನಿಲ್ಲುವುದು ಬಿಲ್ಲಿನ ಮೇಲೆ. ಹೆಸರು ಕೇಳಿರದ ಬ್ರ್ಯಾಂಡ್ ಅಗ್ಗಕ್ಕೆ ಸಿಕ್ಕರೂ ಬಿಡಿ. ಹಾಗೇ ಹಳೆಯ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದಕ್ಕೊಂದು ಯುಎಸ್‌ಬಿ ಕೇಸ್ ಕೊಂಡರೆ ನಿಮ್ಮ ಫೋಟೊ, ಕಾಗದಪತ್ರಗಳ ಹೊರಗಿನ ಬ್ಯಾಕಪ್ ಅದೇ ಆಗುತ್ತದೆ. ಬಿಚ್ಚಿದಾಗ ಫ್ಯಾನಿನ ಧೂಳನ್ನೂ ತೆಗೆಸಿ. ನಮ್ಮೂರಿನ ರಸ್ತೆ ಅಗೆತದ ಧೂಳು ಅಲ್ಲಿ ಬಟ್ಟೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ.

ಫೈಲುಗಳನ್ನು ಎತ್ತಿಡಿ, ನುಡಿ ಫೈಲುಗಳನ್ನು ವಿಶೇಷವಾಗಿ

ಫೋಟೊ, ಪಿಡಿಎಫ್, ಎಕ್ಸೆಲ್ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಬೇರೆಡೆ ತೆಗೆದಿಡಿ. ಇದು ಎಲ್ಲರೂ ಹೇಳುವ ಮಾತು. ಕನ್ನಡದವರಿಗೆ ಮಾತ್ರ ಇರುವ ತೊಡಕು ಬೇರೆ.

ಹತ್ತು ಹದಿನೈದು ವರ್ಷದ ಹಿಂದಿನ ಕನ್ನಡ ಕಡತಗಳು ಬಹಳಷ್ಟು ಯೂನಿಕೋಡ್‌ನಲ್ಲಿಲ್ಲ, ಅಂದರೆ ಎಲ್ಲ ಯಂತ್ರಗಳೂ ಒಪ್ಪಿದ ಅಕ್ಷರ ಸಂಕೇತದಲ್ಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರ ಚೂರುಗಳನ್ನು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ಗೀಟುಗಳ ಸಾಲು ಕಾಣುತ್ತದೆ. ತಾತ ಟೈಪು ಮಾಡಿಟ್ಟ ವಂಶಾವಳಿ, ಸಂಘದ ನಡಾವಳಿ, ಅಚ್ಚಾಗದೆ ಉಳಿದ ಕವಿತೆಗಳು ಎಲ್ಲವೂ ಹೀಗೇ ಇರಬಹುದು. ಅದಕ್ಕಾಗಿ ವಿಂಡೋಸ್ ಅಳಿಸುವ ಮುನ್ನವೇ ಎರಡು ಕೆಲಸ ಮಾಡಿ.

ಒಂದು, ವಿಂಡೋಸ್‌ನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ, ಬರಹ ಹೆಸರಿನ ಫಾಂಟುಗಳನ್ನು ಎತ್ತಿ ಬ್ಯಾಕಪ್‌ನಲ್ಲಿ ಇಟ್ಟುಕೊಳ್ಳಿ. ಮಿಂಟ್‌ನಲ್ಲಿ ಆ ಫಾಂಟ್ ಫೈಲಿನ ಮೇಲೆ ಎರಡು ಸಲ ಒತ್ತಿ ‘ಇನ್‌ಸ್ಟಾಲ್’ ಅಂದರೆ ಹಳೆಯ ಕಡತಗಳು ಅಲ್ಲೂ ಕನ್ನಡದಲ್ಲೇ ಕಾಣುತ್ತವೆ. ಎರಡು, ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಬರಹ ತಂತ್ರಾಂಶದಲ್ಲಿ ಅದಕ್ಕೆಂದೇ ಸವಲತ್ತಿದೆ, ಆನ್‌ಲೈನ್ ಪರಿವರ್ತಕಗಳೂ ಇವೆ. ಆಸ್ತಿಪತ್ರ, ಆರೋಗ್ಯದ ವಿವರಗಳನ್ನು ಮಾತ್ರ ಆನ್‌ಲೈನ್ ಪುಟಗಳಿಗೆ ಅಂಟಿಸಬೇಡಿ. ಪರಿವರ್ತನೆಯಾದ ಮೇಲೆ ‘ಕರ್ನಾಟಕ’, ‘ಸೂರ್ಯ’, ‘ಅರ್ಥ’ದಂಥ ಅರ್ಕಾವೊತ್ತಿನ ಪದಗಳನ್ನು ಕಣ್ಣಿಟ್ಟು ಓದಿ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ, ಏಕೆಂದರೆ ಹಳೆಯ ಫಾಂಟಿನಲ್ಲಿ ಅರ್ಕ ಕಣ್ಣಿಗೆ ಕಂಡಂತೆ ಕೊನೆಗೆ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ‘ರ’ ಮೊದಲು ಬರುತ್ತದೆ.

ಪೆನ್‌ಡ್ರೈವ್ ತಯಾರಿ, ಹಾಕುವ ಮುನ್ನ ಓಡಿಸಿ ನೋಡುವುದು

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್ಒ ಕಡತ (ಇಡೀ ವ್ಯವಸ್ಥೆಯನ್ನು ಒಂದೇ ಕಡತವಾಗಿ ಕಟ್ಟಿದ್ದು) ಇಳಿಸಿಕೊಳ್ಳಿ, ಸುಮಾರು 3 ಜಿಬಿ. 2024ರಲ್ಲಿ ಶುರುವಾದ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರೂಪ ಮೂರಿವೆ: ಸಾಧಾರಣ ಯಂತ್ರಕ್ಕೆ ಸಿನಮನ್, 4 ಜಿಬಿ ರ್‍ಯಾಮಿನ ಬಡಕಲು ಯಂತ್ರಕ್ಕೆ ಎಕ್ಸ್‌ಎಫ್‌ಸಿಇ. ಮೂರನೆಯದು ಮಾಟೆ, ಅದರ ಯೋಚನೆ ಈಗ ಬೇಡ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಚುಚ್ಚಿ, ರೂಫಸ್ ಎಂಬ ಪುಟ್ಟ ತಂತ್ರಾಂಶದಲ್ಲಿ ಐಎಸ್ಒ ಆರಿಸಿ ‘ಸ್ಟಾರ್ಟ್’ ಒತ್ತಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ.

ಈಗ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿದ ಹಾಗೇ ಆನ್ ಮಾಡಿ, ಯಾವ ಡಿಸ್ಕಿನಿಂದ ಶುರುವಾಗಬೇಕೆಂಬ ಪಟ್ಟಿ ತೆರೆಯುವ ಬೂಟ್ ಕೀಲಿಯನ್ನು ಟಕಟಕ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12 ಇದೆ, ಆದರೆ ಎಷ್ಟೋ ಸಲ ಮೊದಲು ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ಸ್‌ಗೆ) ಹೋಗಿ ಅದನ್ನು ಚಾಲೂ ಮಾಡಬೇಕಾಗುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ನೇರ ತೆರೆದುಕೊಳ್ಳುತ್ತದೆ. ಡಿಸ್ಕಿಗೆ ಇನ್ನೂ ಏನೂ ಬರೆದಿಲ್ಲ, ಇದು ಬರೀ ಪರೀಕ್ಷಾ ಓಟ.

ಇಲ್ಲಿ ಆತುರ ಬೇಡ. ವೈಫೈ ಹಿಡಿಯುತ್ತದೆಯೇ? ಯೂಟ್ಯೂಬ್‌ನಲ್ಲಿ ದನಿ ಬರುತ್ತದೆಯೇ? ಕ್ಯಾಮೆರಾ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು, ಮನೆಯ ಪ್ರಿಂಟರ್ ಎಲ್ಲವನ್ನೂ ನೋಡಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್ಪುಗಳಿಗೆ ಬೇರೆ ಡ್ರೈವರ್ ಬೇಕು. ಆಗ ಫೋನನ್ನು ತಂತಿಯಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್ನೆಟ್ ಕೊಟ್ಟು, ಮೆನುವಿನ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಅದೇ ಹುಡುಕಿ ಹಾಕಿಕೊಳ್ಳುತ್ತದೆ. ಹೊಸ ಎಸ್‌ಎಸ್‌ಡಿ ನಿಜಕ್ಕೂ ಹೊಸದೇ ಎಂದು ಖಾತ್ರಿ ಮಾಡಿಕೊಳ್ಳಲೂ ಇದೇ ಸಮಯ: ‘ಡಿಸ್ಕ್ಸ್’ ಎಂಬ ಸಾಧನದಲ್ಲಿ ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಮಾಹಿತಿ ತೆರೆದು ‘ಪವರ್ ಆನ್ ಅವರ್ಸ್’ ಸಾಲು ನೋಡಿ. ಹೊಸದಾದರೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ಸಾವಿರಾರು ಗಂಟೆ ತೋರಿಸಿದರೆ ಬಿಲ್ ಹಿಡಿದು ಅಂಗಡಿಗೆ ವಾಪಸ್ ಹೋಗಿ.

ಎಲ್ಲ ಸರಿಯಿದ್ದರೆ ಡೆಸ್ಕ್‌ಟಾಪ್‌ನಲ್ಲಿರುವ ‘ಇನ್‌ಸ್ಟಾಲ್’ ಚಿಹ್ನೆ ಒತ್ತಿ. ಭಾಷೆ ಕೇಳಿದಾಗ ಸದ್ಯಕ್ಕೆ ಇಂಗ್ಲಿಷ್ ಇರಲಿ, ಏನಾದರೂ ತೊಡಕು ಬಂದರೆ ಪರದೆಯ ಸಂದೇಶವನ್ನು ಹಾಗೇ ಹುಡುಕಿ ಉತ್ತರ ಪಡೆಯುವುದು ಸುಲಭ. ‘ಮಲ್ಟಿಮೀಡಿಯಾ ಕೋಡೆಕ್ಸ್’ ಚೌಕಕ್ಕೆ ಟಿಕ್ ಹಾಕಿ, ಹೊಸ ಎಸ್‌ಎಸ್‌ಡಿಯಾದರೆ ‘ಡಿಸ್ಕ್ ಅಳಿಸಿ ಹಾಕು’ ಎಂಬರ್ಥದ ಆಯ್ಕೆ ಆರಿಸಿ, ಊರು ಕೇಳಿದಾಗ ಕೋಲ್ಕತ ಆರಿಸಿ (ಭಾರತದ ಸಮಯಕ್ಕೆ ಪಟ್ಟಿಯಲ್ಲಿರುವುದು ಅದೇ), ಹೆಸರು, ಪಾಸ್‌ವರ್ಡ್ ಕೊಡಿ. ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ.

ಇನ್ನು ಕನ್ನಡ

ಮೆನುವಿನಲ್ಲಿ ‘ಲ್ಯಾಂಗ್ವೇಜಸ್’ ತೆರೆದು ಕನ್ನಡವನ್ನು ಸೇರಿಸಿ ಅನ್ವಯಿಸಿದರೆ ಮೆನು, ಸಂದೇಶಗಳು ಕನ್ನಡಕ್ಕೆ ಬರುತ್ತವೆ. ಎಲ್ಲ ಕಡೆಯೂ ಬರುವುದಿಲ್ಲ, ಅನುವಾದ ಇನ್ನೂ ಪೂರ್ತಿಯಾಗಿಲ್ಲ. ಮಿಂಟ್‌ನ ಅನುವಾದ ನಡೆಯುವುದು ಲಾಂಚ್‌ಪ್ಯಾಡ್ ಎಂಬ ತಾಣದಲ್ಲಿ, ಖಾತೆ ತೆರೆದ ಯಾರು ಬೇಕಾದರೂ ಒಂದೊಂದು ಸಾಲು ಕನ್ನಡಿಸಬಹುದು. ವಿಂಡೋಸ್‌ನಲ್ಲಿ ಹೀಗೆ ಕೈಹಾಕಲು ನಮಗೆ ಜಾಗವೇ ಇಲ್ಲ. ನಾನು ಈ ದಾರಿಯ ಪರ ಗಟ್ಟಿಯಾಗಿ ಮಾತಾಡಲು ಇದೂ ಒಂದು ಕಾರಣ.

ಟೈಪಿಂಗ್‌ಗೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್, ಅದರೊಳಗೆ ಲೇಔಟ್ಸ್, ಅಲ್ಲಿನ ಕೂಡಿಸುವ ಗುರುತು ಒತ್ತಿ ‘ಕನ್ನಡ, ಕಗಪ ಫೊನೆಟಿಕ್’ ಆರಿಸಿ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ಅವರು ರೂಪಿಸಿದ, ರಾಜ್ಯ ಸರ್ಕಾರ ಮಾನ್ಯ ಮಾಡಿದ, ನುಡಿ ಬಳಸಿದವರ ಬೆರಳಿಗೆ ಆಗಲೇ ಗೊತ್ತಿರುವ ಕೀಲಿಮಣೆ ವಿನ್ಯಾಸ ಇದೇ. ಅದೇ ಪುಟದ ಆಪ್ಶನ್ಸ್‌ನಲ್ಲಿ ಭಾಷೆ ಬದಲಿಸುವ ಕೀಲಿಯಾಗಿ ಆಲ್ಟ್ ಮತ್ತು ಶಿಫ್ಟ್ ಜೋಡಿಯನ್ನು ಇಟ್ಟುಕೊಳ್ಳಿ.

ಈ ವಿನ್ಯಾಸದ ಜೀವಾಳ ‘ಎಫ್’ ಕೀಲಿ. ಅದು ಒತ್ತಕ್ಷರದ ಕೊಂಡಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ‘ಡ’ ಇರುವುದು ಡಬ್ಲ್ಯೂನಲ್ಲಿ, ‘ಟ’ ಇರುವುದು ಕ್ಯೂನಲ್ಲಿ, ‘ದ’ ಮತ್ತು ‘ತ’ ತಮ್ಮ ಸಹಜ ಜಾಗದಲ್ಲಿ. ಶಿಫ್ಟ್ ಹಿಡಿದರೆ ಮಹಾಪ್ರಾಣ: ಕ ಇದ್ದಲ್ಲಿ ಖ, ಗ ಇದ್ದಲ್ಲಿ ಘ. ಶಿಫ್ಟ್ ಮತ್ತು ಎಂ ಅನುಸ್ವಾರ. ನುಡಿಯಿಂದ ಬಂದವರು ಒಂದು ವ್ಯತ್ಯಾಸ ಗಮನಿಸಬೇಕು. ಇಲ್ಲಿ ಐ, ಯು, ಇ ಕೀಲಿಗಳು ಕೊಡುವುದು ಗುಣಿತದ ಗುರುತನ್ನು. ಪದದ ಮೊದಲಿಗೆ ಬರುವ ಪೂರ್ಣ ಸ್ವರಕ್ಕೆ ಬಲಗಡೆಯ ಆಲ್ಟ್ ಹಿಡಿಯಬೇಕು. ‘ಇಲ್ಲಿ’ ಬರೆಯುವುದಾದರೆ ಬಲ ಆಲ್ಟ್ ಹಿಡಿದು ಐ, ಅದನ್ನು ಬಿಟ್ಟು ಎಲ್, ಎಫ್, ಎಲ್, ಐ. ಇದು ಕಿರಿಕಿರಿ ಎನಿಸಿದರೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಅದರಲ್ಲಿರುವ ಕಗಪವನ್ನೇ ಆರಿಸಿ, ಸ್ವರ ಯಾವುದು ಗುಣಿತ ಯಾವುದು ಎಂದು ಅದೇ ತಿಳಿದುಕೊಳ್ಳುತ್ತದೆ.

ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಡಿದು ಕನ್ನಡ ಆರಿಸಿಕೊಳ್ಳುವುದು ರೂಢಿಯಾದವರಿಗೆ ಮೊದಮೊದಲು ಕೈ ತಡೆಯುತ್ತದೆ. ಆದರೂ ಕಲಿಯಿರಿ. ಯಂತ್ರದ ಊಹೆಗೆ ಕಾಯದೆ ಬೇಕಾದ ಅಕ್ಷರವನ್ನೇ ನೇರ ಬರೆಯುವ ವೇಗ ಬಂದ ಮೇಲೆ ಮತ್ತೆ ಹಿಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ವಿನ್ಯಾಸದ ಚಿತ್ರವನ್ನು ಮುದ್ರಿಸಿ ಪರದೆಯ ಪಕ್ಕದಲ್ಲಿ ಅಂಟಿಸಿಕೊಳ್ಳಿ. ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಫಾಂಟಿಗೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಓದಲು ಹಿತ. ಆಹ್ವಾನ ಪತ್ರಿಕೆ, ಪೋಸ್ಟರಿಗೆ ಬಾಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ವರ್ಡ್ ಬದಲಿಗೆ ಮಿಂಟ್‌ನ ಜೊತೆಗೇ ಬರುವ ಲಿಬ್ರೆ ಆಫೀಸ್ ಬಳಸಿ, ಆದರೆ ಮೊದಲು ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜ್ ಪುಟದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎದುರಿನ ಚೌಕಕ್ಕೆ ಟಿಕ್ ಹಾಕಿ ಕನ್ನಡ ಆರಿಸಿ. ಇದನ್ನು ಬಿಟ್ಟರೆ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಮಾತ್ರ ಬದಲಾಗದೆ ತಲೆ ತಿನ್ನುತ್ತದೆ. ಕಾಗುಣಿತ ತಪಾಸಣೆಗೆ ಹನ್‌ಸ್ಪೆಲ್‌ನ ಕನ್ನಡ ಪದಪಟ್ಟಿ ಇದೆ. ನಮ್ಮ ಭಾಷೆಯಲ್ಲಿ ಪ್ರತ್ಯಯ ಸೇರಿ ಒಂದೇ ಪದಕ್ಕೆ ಹತ್ತಾರು ರೂಪ ಇರುವುದರಿಂದ ಸರಿಯಾದ ಪದಗಳಿಗೂ ಅದು ಕೆಂಪು ಗೆರೆ ಎಳೆಯುತ್ತದೆ. ಉದ್ದದ ಬರವಣಿಗೆ ಮಾಡುವಾಗ ಆಫ್ ಮಾಡಿಡಿ.

ಮನೆಯವರ ಕೈಗೆ ಕೊಡುವ ಮುನ್ನ

‘ಟೈಮ್‌ಶಿಫ್ಟ್’ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಯಾರಾದರೂ ಏನಾದರೂ ಕೆಡಿಸಿದರೆ ವ್ಯವಸ್ಥೆಯನ್ನು ಆ ದಿನದ ಸ್ಥಿತಿಗೆ ಮರಳಿಸಬಹುದು. ಅದು ಫೋಟೊ, ಕಡತಗಳ ಬ್ಯಾಕಪ್ ಅಲ್ಲ, ಅದಕ್ಕೆ ಹೊರಗಿನ ಡಿಸ್ಕೇ ಗತಿ. ಕೆಳಗಿನ ಪಟ್ಟಿಯಲ್ಲಿ ಗುರಾಣಿಯ ಚಿಹ್ನೆ ಕಂಡಾಗ ಒತ್ತಿ ಅಪ್‌ಡೇಟ್ ಹಾಕುವುದನ್ನು ಅಮ್ಮನಿಗೂ ಮಕ್ಕಳಿಗೂ ತೋರಿಸಿಕೊಡಿ. ಅಕ್ಷರದ ಗಾತ್ರ ಹೆಚ್ಚಿಸಿ. ಡೆಸ್ಕ್‌ಟಾಪ್‌ನಲ್ಲಿ ಬೇಕಾದ ನಾಲ್ಕೈದು ಚಿಹ್ನೆ ಮಾತ್ರ ಇರಲಿ.

ಮನೆಗೆ ಬೇಕಿಲ್ಲದೆ ಉಳಿದ ಯಂತ್ರವಿದ್ದರೆ ಅದಕ್ಕೂ ಜಾಗವಿದೆ. ಗುರಪ್ಪನಪಾಳ್ಯದ ಸುದರ್ಶನ ಲೇಔಟ್‌ನಲ್ಲಿ ಬಡಾವಣೆಯ ಮಕ್ಕಳಿಗಾಗಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ರೂಪುಗೊಂಡದ್ದು ಫ್ರೀ ಸಾಫ್ಟ್‌ವೇರ್ ಚಳವಳಿಯ ಕಾರ್ಯಕರ್ತರ ಕೈಯಿಂದ, ಇಂಥ ಮುಕ್ತ ತಂತ್ರಾಂಶವನ್ನು ನೆಚ್ಚಿ. ನಿಮ್ಮ ಬೀದಿಯ ಸರ್ಕಾರಿ ಶಾಲೆ, ಗ್ರಂಥಾಲಯದಲ್ಲೂ ವಿಚಾರಿಸಿ. ಆದರೆ ಓಡುವ ಸ್ಥಿತಿಯಲ್ಲಿ, ಚಾರ್ಜರ್ ಸಮೇತ ಕೊಡಿ. ಕೊಡುವ ಮುನ್ನ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ, ಹಾರ್ಡ್‌ಡಿಸ್ಕನ್ನು ‘ಡಿಸ್ಕ್ಸ್’ ಸಾಧನದಲ್ಲಿ ‘ಸೊನ್ನೆಗಳಿಂದ ತುಂಬಿಸು’ ಎಂಬರ್ಥದ ಆಯ್ಕೆಯೊಂದಿಗೆ ಫಾರ್ಮ್ಯಾಟ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಆಮೇಲೆ ಅದಕ್ಕೆ ಮತ್ತೆ ಮಿಂಟ್ ಹಾಕಿ.

ನಿಜಕ್ಕೂ ಸತ್ತ ಭಾಗಗಳನ್ನು ಒಣಕಸದ ಚೀಲಕ್ಕೆ ಹಾಕಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ದೇಶದಲ್ಲಿ ಈ ಕೆಲಸಕ್ಕೆ ಮೊದಲು ಅನುಮತಿ ಪಡೆದ ಇ-ಪರಿಸರ ಸಂಸ್ಥೆ ಇರುವುದು ನಮ್ಮ ದಾಬಸ್‌ಪೇಟೆಯಲ್ಲೇ. ಊದಿದ ಬ್ಯಾಟರಿಯನ್ನಂತೂ ಕಸದ ಗಾಡಿಗೆ ಕೊಡಲೇಬಾರದು. ಅದು ಒತ್ತಡಕ್ಕೆ ಸಿಕ್ಕು ಹೊತ್ತಿಕೊಂಡರೆ ಸುಟ್ಟುಕೊಳ್ಳುವುದು ಪೌರಕಾರ್ಮಿಕರ ಕೈ. ತುದಿಗಳಿಗೆ ಟೇಪ್ ಸುತ್ತಿ, ಚುಚ್ಚದೆ, ಬಗ್ಗಿಸದೆ, ಬೇರೆ ಡಬ್ಬದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ‘ಇದು ಊದಿದ ಬ್ಯಾಟರಿ’ ಎಂದು ಬಾಯಿಬಿಟ್ಟು ಹೇಳಿ ಕೊಡಿ.